ಬೆಟ್ಟದ ಸನ್ಯಾಸಿಗಳ ನಿಯಮ, ಮಂಗಳೂರಿನ ಟೀಚರಮ್ಮಂದಿರು

ಕಥೊಲಿಕ್ ಕ್ರೈಸ್ತರ ಕಾರ್ಮೆಲ್ ಸಂಘದ ಸನ್ಯಾಸಿಗಳು, ಸನ್ಯಾಸಿನಿಯರು ಪಾಲಿಸುವ ಕಾರ್ಮೆಲ್ ನಿಯಮವನ್ನು ಒಂದು ಲೋಟ ಚಹಾ ಮುಗಿಯುವುದರೊಳಗೆ ಓದಿ ಮುಗಿಸಬಹುದು. ಅಷ್ಟು ಚಿಕ್ಕದು. ಸರಿಯಾಗಿ ನೋಡಿದರೆ ಅದು ಪುಸ್ತಕವೇ ಅಲ್ಲ, ಒಂದು ಪತ್ರ. ಜೆರುಸಲೇಮಿನ ಪೇಟ್ರಿಯಾರ್ಕ್, ಅಂದರೆ ಅಲ್ಲಿನ ಚರ್ಚಿನ ಹಿರಿಯ ಬಿಷಪ್, ಆಗಿದ್ದ ಆಲ್ಬರ್ಟ್ ಎಂಬವರು 1206 ಮತ್ತು 1214ರ ನಡುವೆ ಯಾವಾಗಲೋ ಬರೆದುಕೊಟ್ಟದ್ದು. ಬರೆದದ್ದು ಯಾರಿಗೆ? ಕಾರ್ಮೆಲ್ ಬೆಟ್ಟದಲ್ಲಿ ಒಬ್ಬೊಬ್ಬರಾಗಿ ವಾಸವಾಗಿದ್ದ ಕೆಲವು ಗಂಡಸರಿಗೆ. ಈ ಬೆಟ್ಟ ಈಗಿನ ಇಸ್ರೇಲಿನ ಹೈಫಾ ಪಟ್ಟಣದ ಮಗ್ಗುಲಲ್ಲೇ ಇದೆ. ಕೆಳಗೆ ಸಮುದ್ರ, ಮೇಲೆ ಒಂದು ಒರತೆ. ಆ ಒರತೆಯ ಹತ್ತಿರ ಇರುವ ‘ಬಿ’ ಮತ್ತು ಅವರ ಮಾತು ಕೇಳುವ ಉಳಿದ ಸನ್ಯಾಸಿಗಳಿಗೆ ಅಂತ ಪತ್ರ ಶುರುವಾಗುತ್ತದೆ. ಹೆಸರಿನ ಮೊದಲ ಅಕ್ಷರ ಬಿಟ್ಟರೆ ಬೇರೇನೂ ಇಲ್ಲ.

ಅಂಥ ಪತ್ರ ನನ್ನಂಥವಳ ಕೈಗೆ ಯಾಕೆ ಬಂತು ಅಂತ ಕೇಳಬಹುದು. ನಾನು ಪುತ್ತೂರು ಕಡೆಯ ಹವ್ಯಕರ ಮನೆಯವಳು. ದಕ್ಷಿಣ ಕನ್ನಡದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಂಘ ನಡೆಸುವ ಒಂದು ಕಾನ್ವೆಂಟ್ ಶಾಲೆಯಲ್ಲಿ ಕನ್ನಡ ಕಲಿಸಿ ರಿಟೈರ್ ಆದೆ. ಶಾಲೆಯ ಹೆಸರು ಬೇಡ, ಅಲ್ಲಿನ ಸಿಸ್ಟರುಗಳ ಹೆಸರೂ ಬೇಡ. ಅವರ ಜೊತೆ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿದವಳು ನಾನು, ಪರೀಕ್ಷೆ ಪೇಪರು ತಿದ್ದಿದವಳು, ಜಗಳವೂ ಆಡಿದವಳು. ಆದರೆ ಶಾಲೆಯ ಕಾಂಪೌಂಡಿನಾಚೆ, ಕಾನ್ವೆಂಟಿನ ಒಳಬಾಗಿಲ ಆ ಕಡೆ ಏನು ನಡೆಯುತ್ತದೆ ಅಂತ ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಂಟೆ ಹೊಡೆಯುತ್ತಿತ್ತು. ಅವರು ಏಳುತ್ತಿದ್ದರು. ಅಷ್ಟೇ.

ಒಂದು ಮಳೆಗಾಲದ ಸಂಜೆ ಐದನೇ ಕ್ಲಾಸಿನ ಒಂದು ಹುಡುಗಿಯನ್ನು ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಬಸ್ಸು ತಪ್ಪಿತ್ತು, ಹೊಳೆ ದಾಟಬೇಕಾದ ದಾರಿ ಬೇರೆ. ಗೇಟಿನ ಬಳಿಯ ಸಣ್ಣ ಮಾಡಿನ ಕೆಳಗೆ ನಾನು, ಆ ಮಗು, ಲೆಕ್ಕ ಕಲಿಸುವ ಸಿಸ್ಟರ್ ಮೂವರೂ ನಿಂತಿದ್ದೆವು. ಸಿಸ್ಟರ್ ತಮ್ಮ ಕೊಡೆಯನ್ನು ಮಗುವಿನ ಬ್ಯಾಗಿನ ಮೇಲೆ ಹಿಡಿದಿದ್ದರು, ಮಗುವಿನ ತಲೆಯ ಮೇಲೆ ಅಲ್ಲ. “ತಲೆ ಒಣಗ್ತದೆ, ಪುಸ್ತಕ ಒಣಗುವುದಿಲ್ಲ” ಅಂತ ಅವರ ಲೆಕ್ಕ. ಅಷ್ಟರಲ್ಲಿ ಚಾಪೆಲಿನ ಗಂಟೆ ಹೊಡೆಯಿತು. “ಗಂಟೆ ಆಯ್ತಲ್ಲ ಸಿಸ್ಟರ್, ನೀವು ಹೋಗಿ, ನಾನು ಇರ್ತೇನೆ” ಅಂದೆ. ಅವರು ಅಲುಗಾಡಲಿಲ್ಲ. “ಇರ್ಲಿ ಟೀಚರೇ, ಮಗು ಒಂದು ಮನೆ ಮುಟ್ಲಿ. ನಮ್ಮ ರೂಲಲ್ಲೇ ಉಂಟಲ್ಲ ಅದು” ಅಂದರು.

ರೂಲಲ್ಲಿ ಏನುಂಟು ಅಂತ ಬೆನ್ನು ಹತ್ತಿದೆ. ಅವರೇ ಒಂದು ತೆಳ್ಳನೆ ಇಂಗ್ಲಿಷ್ ಪುಸ್ತಿಕೆ ಕೊಟ್ಟರು. ಆಲ್ಬರ್ಟರ ಆ ಪತ್ರವೇ ಅದು.

ಅದರಲ್ಲಿ ಏನಿದೆ ಅಂತ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಈ ಇಡೀ ಕತೆಯ ಬೇರು ಅಲ್ಲೇ ಇದೆ. ತಮ್ಮಲ್ಲೇ ಒಬ್ಬರನ್ನು ಹಿರಿಯರಾಗಿ ಆರಿಸಿಕೊಳ್ಳಬೇಕು, ಉಳಿದವರು ಅವರ ಮಾತು ಕೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಹಿರಿಯರನ್ನು ಕೇಳದೆ ಕೋಣೆ ಬದಲಿಸುವ ಹಾಗಿಲ್ಲ. ಹಿರಿಯರ ಕೋಣೆ ಬಾಗಿಲ ಹತ್ತಿರವೇ ಇರಬೇಕು, ಬಂದವರನ್ನು ಮೊದಲು ಮಾತಾಡಿಸಬೇಕಾದವರು ಅವರೇ. ಯಾರಿಗೂ ಸ್ವಂತದ್ದು ಅಂತ ಏನೂ ಇಲ್ಲ, ವಯಸ್ಸು ಮತ್ತು ಅಗತ್ಯ ನೋಡಿ ಹಿರಿಯರು ಹಂಚುತ್ತಾರೆ. ವಾರಕ್ಕೊಮ್ಮೆ ಕೂತು ಒಟ್ಟಿಗೆ ಮಾತಾಡಬೇಕು, ಯಾರಲ್ಲಾದರೂ ತಪ್ಪು ಕಂಡರೆ ಪ್ರೀತಿಯಿಂದ ತಿದ್ದಬೇಕು. ಸೆಪ್ಟೆಂಬರ್ 14ರ ಶಿಲುಬೆ ಹಬ್ಬದಿಂದ ಈಸ್ಟರ್‌ವರೆಗೆ ಉಪವಾಸ. ಮಾಂಸ ಬೇಡ. ಕೈಕೆಲಸ ಮಾಡಲೇಬೇಕು, ದುಡಿಯದವನು ಉಣ್ಣಬಾರದು ಎಂಬ ಬೈಬಲಿನ ಸಂತ ಪೌಲನ ಮಾತು ಅಲ್ಲೇ ಇದೆ. ರಾತ್ರಿ ಮೌನ.

ಇಷ್ಟು ಕೇಳಿದರೆ ಬಿಗಿಯಾಗಿದೆ ಅನ್ನಿಸುತ್ತದೆ ಅಲ್ವಾ? ಆದರೆ ಬಿಗಿ ಮಾಡಿದ ಕೈಯೇ ಪಕ್ಕದಲ್ಲಿ ಒಂದೊಂದು ಗಂಟು ಸಡಿಲ ಬಿಟ್ಟಿದೆ. ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲೋ ಹತ್ತಿರದಲ್ಲೋ ಇದ್ದು ಹಗಲೂ ರಾತ್ರಿ ದೇವರ ಮಾತನ್ನು ಧ್ಯಾನಿಸಬೇಕು, ಬೇರೆ ನ್ಯಾಯವಾದ ಕೆಲಸ ಇಲ್ಲದಿದ್ದರೆ. ಉಪವಾಸ ಮಾಡಬೇಕು, ಕಾಯಿಲೆಯೋ ನಿಶ್ಶಕ್ತಿಯೋ ಬೇರೆ ಒಳ್ಳೆ ಕಾರಣವೋ ಇಲ್ಲದಿದ್ದರೆ, ಯಾಕೆಂದರೆ ಅಗತ್ಯಕ್ಕೆ ಕಾನೂನಿಲ್ಲ. ಹಾಗಂತ ಬರೆದೇ ಇದೆ. ನನ್ನ ಅಜ್ಜಿ ಏಕಾದಶಿಗೆ ನೀರೂ ಮುಟ್ಟದವರು, ಆದರೆ ಬಾಣಂತಿಗೆ ಅದೇ ದಿನ ತುಪ್ಪ ಹಾಕಿ ಅನ್ನ ಬಡಿಸುವಾಗ ಎರಡು ಸಲ ಯೋಚಿಸುತ್ತಿರಲಿಲ್ಲ. ನಿಯಮ ಗೊತ್ತಿದ್ದವರಿಗೇ ಅದನ್ನು ಎಲ್ಲಿ ಬಿಡಬೇಕು ಅಂತಲೂ ಗೊತ್ತಿರುವುದು.

ಓದು ಬಾರದವರಿಗೂ ಈ ನಿಯಮದಲ್ಲಿ ಜಾಗ ಇದೆ. ಬೈಬಲಿನ ಕೀರ್ತನೆ ಓದಿ ಪ್ರಾರ್ಥಿಸಲು ಬಾರದವರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವ ಪ್ರಾರ್ಥನೆ ಹೇಳಿದರೆ ಸಾಕು. ರಾತ್ರಿಯ ಪ್ರಾರ್ಥನೆಗೆ 25 ಸಲ, ಸಂಜೆಗೆ 15, ಉಳಿದ ಹೊತ್ತಿಗೆ 7. ಭಾನುವಾರ ರಾತ್ರಿಯದ್ದು ದುಪ್ಪಟ್ಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಬ್ಬಳು ಹುಡುಗಿ ಬರುತ್ತಾಳೆ.

ಬೆಟ್ಟದ ಸನ್ಯಾಸಿಗಳು ಅಲ್ಲೇ ಉಳಿಯಲಿಲ್ಲ. ಯುದ್ಧಗಳ ಕಾಲ ಅದು, ಒಬ್ಬೊಬ್ಬರಾಗಿ ಯುರೋಪಿಗೆ ಬಂದರು. ಊರಿನ ನಡುವೆ ಇದ್ದು ಬೆಟ್ಟದ ನಿಯಮ ಪಾಲಿಸುವುದು ಹೇಗೆ? 1247ರಲ್ಲಿ ನಾಲ್ಕನೇ ಇನ್ನೊಸೆಂಟ್ ಪೋಪ್ ಅದನ್ನು ಸ್ವಲ್ಪ ತಿದ್ದಿಕೊಟ್ಟರು. ಊಟ ಒಟ್ಟಿಗೆ ಮಾಡಬಹುದು, ಊರೊಳಗೂ ಮಠ ಕಟ್ಟಬಹುದು, ಕತ್ತೆಯನ್ನೋ ಹೇಸರಗತ್ತೆಯನ್ನೋ ಇಟ್ಟುಕೊಳ್ಳಬಹುದು. ಪ್ರಯಾಣದಲ್ಲಿರುವಾಗ ಆತಿಥ್ಯ ಕೊಟ್ಟವರಿಗೆ ತೊಂದರೆ ಆಗದಿರಲಿ ಅಂತ ಮಾಂಸದ ಜೊತೆ ಬೇಯಿಸಿದ ತರಕಾರಿ ತಿನ್ನಬಹುದು. ಈ ಕೊನೆಯದನ್ನು ಓದಿ ನಾನು ನಕ್ಕೆ. ನಮ್ಮ ಮಠದವರು ಯಾರೂ ಇಷ್ಟು ಸಲೀಸಾಗಿ ಒಪ್ಪುವವರಲ್ಲ!

ಹೆಂಗಸರಿಗೆ ಕಾರ್ಮೆಲಿನ ಬಾಗಿಲು ಅಧಿಕೃತವಾಗಿ ತೆರೆದದ್ದು 1452ರಲ್ಲಿ, ಪೋಪರ ಒಂದು ಆದೇಶದಿಂದ. ಅದಕ್ಕೂ ಸ್ವಲ್ಪ ಮೊದಲೇ ನಿಯಮವನ್ನು ಇನ್ನಷ್ಟು ಸಡಿಲಿಸಿ ವಾರದಲ್ಲಿ ಮೂರು ದಿನ ಮಾಂಸಕ್ಕೂ ಅನುಮತಿ ಕೊಟ್ಟಾಗಿತ್ತು. ಆಮೇಲೆ ಬಂದವರು ಸ್ಪೇನಿನ ಆವಿಲಾದ ತೆರೇಸಾ. ಅವರು 1562ರ ಆಗಸ್ಟ್ 24ರಂದು ಸೇಂಟ್ ಜೋಸೆಫರ ಹೆಸರಿನಲ್ಲಿ ಒಂದು ಪುಟ್ಟ ಮಠ ಶುರು ಮಾಡಿ 1247ರ ನಿಯಮಕ್ಕೆ ವಾಪಸ್ ಹೋದರು. ಸಣ್ಣ ಗುಂಪು, ಮಠದಿಂದ ಹೊರಗೆ ಹೋಗದ ಬೇಲಿಯೊಳಗಿನ ಬದುಕು, ಬಡತನ. ಆದರೆ ಅವರು ದಿನಕ್ಕೆರಡು ಸಲ ಎಲ್ಲರೂ ಕೂತು ಹರಟೆ ಹೊಡೆಯುವ ಹೊತ್ತನ್ನೂ ನಿಯಮದಲ್ಲೇ ಸೇರಿಸಿದರು. ನೂಲು ತೆಗೆಯಿರಿ, ಬಟ್ಟೆ ಹೊಲಿಯಿರಿ, ಆದರೆ ಮನಸ್ಸನ್ನೆಲ್ಲ ಹಿಡಿದಿಟ್ಟುಕೊಳ್ಳುವ ನಾಜೂಕು ಕಸೂತಿ ಬೇಡ ಅಂತಲೂ ಬರೆದರು. ಕಾನ್ವೆಂಟ್ ಅಂದರೆ ಎಂಬ್ರಾಯ್ಡರಿ ಕ್ಲಾಸು ಅಂತ ನೆನಪಾಗುವ ನಮ್ಮೂರಿನವರಿಗೆ ಇದು ತಮಾಷೆಯಾಗಿ ಕಾಣಬಹುದು.

ತೆರೇಸಾ ಅವರ ಮಠ ಶುರುವಾದ ಮರುವರ್ಷವೇ ಕಥೊಲಿಕ್ ಬಿಷಪ್ಪರ ಮಹಾಸಭೆಯಾದ ಟ್ರೆಂಟ್ ಸಭೆ ಮುಗಿಯಿತು. ಸನ್ಯಾಸಿನಿಯರೆಲ್ಲ ಮಠದ ಬೇಲಿಯೊಳಗೇ ಇರಬೇಕು ಅಂತ ಆ ಸಭೆ ತೀರ್ಮಾನಿಸಿತ್ತು. 1566ರಲ್ಲಿ ಐದನೇ ಪಯಸ್ ಪೋಪ್ ಅದನ್ನು ಇನ್ನೂ ಬಿಗಿ ಮಾಡಿದರು. ಗಂಡಸರು ಊರೂರು ತಿರುಗಬಹುದು, ಶಾಲೆ ಕಟ್ಟಬಹುದು. ಹೆಂಗಸರು ದೇವರಿಗೆ ಪೂರ್ತಿ ಒಪ್ಪಿಸಿಕೊಂಡರೆ ಗೋಡೆಯ ಒಳಗೆ ಇರಬೇಕು. ಹೊರಗೆ ಬಂದು ಮಕ್ಕಳಿಗೆ ಕಲಿಸಿದರೆ, ರೋಗಿಗಳನ್ನು ನೋಡಿಕೊಂಡರೆ, ಒಳ್ಳೆ ಕೆಲಸವೇ, ಆದರೆ ನೀವು ಪೂರಾ ಸನ್ಯಾಸಿನಿಯರಲ್ಲ. ಕಾನೂನು ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಆ ಕಾನೂನು ಮೂರು ಶತಮಾನಕ್ಕೂ ಜಾಸ್ತಿ ಕಾಲ ಹಾಗೇ ಇತ್ತು.

ಈಗ ನಮ್ಮ ಸಿಸ್ಟರುಗಳ ಸಂಘವನ್ನು ಶುರು ಮಾಡಿದ ಸೋಫಿ ಲೀವ್ಸ್ ಕತೆಗೆ ಬರುತ್ತೇನೆ.

ಸೋಫಿ ಹುಟ್ಟಿದ್ದು 1823ರಲ್ಲಿ, ಈಗ ಇಸ್ತಾಂಬುಲ್ ಅನ್ನುವ ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಅಪ್ಪ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಬೈಬಲ್ ಸೊಸೈಟಿಯ ಪ್ರತಿನಿಧಿ, ಬೈಬಲನ್ನು ಆಗಿನ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿದ್ದವರು. ಅಂಥ ಮನೆಯ ಮಗಳು 1850ರಲ್ಲಿ ಮಾಲ್ಟಾದಲ್ಲಿ ಕಥೊಲಿಕ್ ಆದಳು. ಮಾರನೇ ವರ್ಷ ಎಮಿಲಿ ದ ವಿಯಾಲಾರ್ ಫ್ರಾನ್ಸಿನಲ್ಲಿ 1832ರಲ್ಲಿ ಕಟ್ಟಿದ್ದ ಸೇಂಟ್ ಜೋಸೆಫ್ ಸಿಸ್ಟರುಗಳ ಸಂಘಕ್ಕೆ ಸೇರಿದಳು. ಹೆಸರು ವೆರೋನಿಕಾ ಆಯಿತು. ಆ ಸಂಘದವರು ಬೇಲಿಯೊಳಗಿನವರಲ್ಲ, ಊರೂರಿಗೆ ಹೋಗಿ ಶಾಲೆ, ಆಸ್ಪತ್ರೆ ನಡೆಸುವವರು. ಹಾಗೆ ಅವರು 1862ರಲ್ಲಿ ಕಲ್ಲಿಕೋಟೆಗೆ ಬಂದರು, ಹುಡುಗಿಯರ ಶಾಲೆ ನಡೆಸಲು. ಆಗ ಕಲ್ಲಿಕೋಟೆ, ಕಣ್ಣೂರು, ಮಂಗಳೂರು ಎಲ್ಲ ಒಂದೇ ಮಂಗಳೂರು ಮಿಶನ್ನಿಗೆ ಸೇರಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರು ಕಾರ್ಮೆಲ್ ಸಂಘದ ಪಾದ್ರಿಗಳು.

ಅವರಲ್ಲಿ ಒಬ್ಬರು ಫ್ರೆಂಚ್ ಪಾದ್ರಿ ಮರೀ ಎಫ್ರೆಂ. ಅವರದ್ದು ಒಂದೇ ಹಟ. ಈ ಕರಾವಳಿಯ ಹುಡುಗಿಯರಿಗೆ ಶಾಲೆ ಬೇಕು, ಅದನ್ನು ನಡೆಸುವವರು ಕಾರ್ಮೆಲಿನ ಹೆಂಗಸರೇ ಆಗಬೇಕು. ಮಂಗಳೂರಿಗೆ ಪ್ರಾಟೆಸ್ಟಂಟರಾದ ಬಾಸೆಲ್ ಮಿಶನ್ನಿನವರು 1834ರಲ್ಲೇ ಬಂದು ಶಾಲೆ, ಅಚ್ಚುಕೂಟ ಅಂತ ಕೆಲಸ ಶುರು ಮಾಡಿದ್ದರು. ಕಥೊಲಿಕರು ಹಿಂದೆ ಬಿದ್ದಿದ್ದರು. ವೆರೋನಿಕಾ ಅವರ ಮನಸ್ಸಿನಲ್ಲಿ ಬೇರೊಂದು ಎಳೆತ ಇತ್ತು. ಅವರಿಗೆ ಕಾರ್ಮೆಲಿನ ಮೌನ ಬೇಕಿತ್ತು, ಗೋಡೆಯೊಳಗಿನ ಪ್ರಾರ್ಥನೆ ಬೇಕಿತ್ತು. ಒಬ್ಬರಿಗೆ ಶಾಲೆ ಬೇಕು, ಇನ್ನೊಬ್ಬರಿಗೆ ಮೌನ ಬೇಕು. ಇಬ್ಬರ ಆಸೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಹುಟ್ಟುವುದೇ ಅಪೋಸ್ತಲಿಕ್ ಕಾರ್ಮೆಲ್.

ವೆರೋನಿಕಾ ಫ್ರಾನ್ಸಿಗೆ ಮರಳಿ, 1867ರಲ್ಲಿ ಪೋ ಎಂಬ ಊರಿನ ಬೇಲಿಯೊಳಗಿನ ಕಾರ್ಮೆಲ್ ಮಠಕ್ಕೆ ಹೋದರು. ಮೊದಲು ತಾನು ಕಾರ್ಮೆಲಿನ ಬದುಕನ್ನು ಒಳಗಿದ್ದು ಕಲಿಯಬೇಕು, ಆಮೇಲೆ ಬೇರೆಯವರಿಗೆ ಕಲಿಸಬೇಕು ಅಂತ. ಹೋಗುವಾಗ ಒಬ್ಬಳು ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಹೋದರು. ಅವಳು ಮರಿಯಂ ಬವಾರ್ದಿ, ಗಲಿಲಾಯದ ಇಬಿಲ್ಲಿನ್ ಹಳ್ಳಿಯ ಅರಬ್ ಹುಡುಗಿ. ಸೇಂಟ್ ಜೋಸೆಫ್ ಸಂಘದವರು ನಿನ್ನನ್ನು ಇಟ್ಟುಕೊಳ್ಳುವುದಿಲ್ಲ ಅಂದಿದ್ದರು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಇಪ್ಪತ್ತೈದು, ಏಳು, ಹದಿನೈದರ ಲೆಕ್ಕ ಅಂಥವರಿಗಾಗಿಯೇ ಆರು ಶತಮಾನ ಮುಂಚೆ ಬರೆದಿಟ್ಟದ್ದು.

1868ರ ಜುಲೈ 16, ಕಾರ್ಮೆಲ್ ಮಾತೆಯ ಹಬ್ಬ. ಆ ದಿನ ಪೋಗೆ ದೂರವಲ್ಲದ ಬಯೋನ್ ಊರಿನಲ್ಲಿ ಹೊಸ ಸಂಘ ಶುರುವಾಯಿತು. ಕಾರ್ಮೆಲಿನಲ್ಲಿ ಪಾದ್ರಿಗಳದ್ದು ಮೊದಲ ಸಾಲು, ಬೇಲಿಯೊಳಗಿನ ಸನ್ಯಾಸಿನಿಯರದ್ದು ಎರಡನೆಯದು, ಹೊರಗಿದ್ದು ಅದೇ ದಾರಿಯಲ್ಲಿ ನಡೆಯುವವರದ್ದು ಮೂರನೆಯದು. ಹೊಸ ಸಂಘ ಈ ಮೂರನೇ ಸಾಲಿಗೆ ಸೇರಿತು. ಮೂಲ ನಿಯಮದ ಆಸರೆ ಎಲ್ಲರಿಗೂ ಒಂದೇ. ದಿನದ ಬದುಕು ಹೇಗಿರಬೇಕು ಅನ್ನುವುದನ್ನು ಒಂದೊಂದು ಸಂಘ ತನ್ನ ಸಂವಿಧಾನದಲ್ಲಿ ಬರೆದುಕೊಳ್ಳುತ್ತದೆ. ಆಲ್ಬರ್ಟರು ಬಿಟ್ಟ ಆ ‘ಬೇರೆ ನ್ಯಾಯವಾದ ಕೆಲಸ’ದ ಜಾಗಕ್ಕೆ ಇಲ್ಲಿ ಶಾಲೆ ಬಂದು ಕೂತಿತು. ನಾನು ಹೀಗೆ ಓದಿಕೊಂಡಿದ್ದೇನೆ, ಇದು ಪೂರಾ ನನ್ನದೇ ಮಾತು. ಆದರೆ ಗೇಟಿನ ಬಳಿ ನಿಂತ ಆ ಸಿಸ್ಟರ್ ಕೂಡ ಹಾಗೇ ಓದಿಕೊಂಡಿದ್ದರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

1870 ಫ್ರಾನ್ಸಿಗೆ ಕೆಟ್ಟ ವರ್ಷ. ಪ್ರಷ್ಯದ ಜೊತೆ ಯುದ್ಧ ಶುರುವಾಗಿತ್ತು. ಮರೀ ಎಫ್ರೆಂ ಆಗ ಮಂಗಳೂರಿನ ಬಿಷಪ್. ಅವರು ಮಂಗಳೂರಿಗೆ ಎರಡು ಬಗೆಯವರನ್ನೂ ಕರೆಸಿಕೊಂಡರು. ಪೋದಿಂದ ಬೇಲಿಯೊಳಗಿನ ಮಠ ಕಟ್ಟುವವರು, ಬಯೋನಿನಿಂದ ಶಾಲೆ ನಡೆಸುವವರು. ಸೂಯೆಜ್ ಕಾಲುವೆ ತೆರೆದು ಒಂದು ವರ್ಷವೂ ಆಗಿರಲಿಲ್ಲ. ಕೆಂಪು ಸಮುದ್ರದ ಬಿಸಿಲು, ದಪ್ಪ ಉಣ್ಣೆಯ ಉಡುಪು, ಗಾಳಿಯಾಡದ ಹಡಗು. ಪೋದಿಂದ ಹೊರಟ ಸನ್ಯಾಸಿನಿಯರಲ್ಲಿ ಮೂವರು ಮಂಗಳೂರು ಮುಟ್ಟಲೇ ಇಲ್ಲ. ಇಬ್ಬರು ಏಡನ್‌ನಲ್ಲಿ ತೀರಿಕೊಂಡರು, ಒಬ್ಬರು ಕಲ್ಲಿಕೋಟೆಯಲ್ಲಿ. ಉಳಿದವರಲ್ಲಿ ಮರಿಯಂ ಇದ್ದಳು.

ಅಪೋಸ್ತಲಿಕ್ ಕಾರ್ಮೆಲಿನ ಮೊದಲ ಸಿಸ್ಟರುಗಳು ಮಂಗಳೂರಿಗೆ ಬಂದದ್ದು ಆ ವರ್ಷದ ನವೆಂಬರ್ 19ರಂದು. ಅವರ ಹಿರಿಯರು ಮದರ್ ಮರೀ ದೆಜಾಂಜ್. ಸೇಂಟ್ ಆ್ಯನ್ಸ್ ಕಾನ್ವೆಂಟ್ ಅವರ ಮನೆಯಾಯಿತು, ಶಾಲೆ ಅಲ್ಲಿಂದ ಬೆಳೆಯಿತು. ಫ್ರೆಂಚ್ ಮಾತಾಡುವ ಹೆಂಗಸರು, ಮನೆಯಲ್ಲಿ ಕೊಂಕಣಿ ಮಾತಾಡುವ ಮಕ್ಕಳು, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ, ಮದ್ರಾಸಿನ ಇಲಾಖೆಗೆ ಇಂಗ್ಲಿಷ್. ಮೊದಲ ಮಳೆಗಾಲದಲ್ಲಿ ಅವರ ಪಾಡು ಏನಾಗಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ. ಮಂಗಳೂರಿನ ಜೂನ್ ತಿಂಗಳಲ್ಲಿ ಹತ್ತಿ ಸೀರೆಯೇ ಒಣಗುವುದಿಲ್ಲ, ಇನ್ನು ಆ ಉಣ್ಣೆ ಬಟ್ಟೆ!

ಮರಿಯಂ ಇದ್ದದ್ದು ಬೇಲಿಯೊಳಗಿನ ಮಠದಲ್ಲಿ. 1871ರ ನವೆಂಬರ್ 21ರಂದು ಅವಳು ಕೊನೆಯ ವ್ರತ ತೆಗೆದುಕೊಂಡದ್ದು ಮಂಗಳೂರಿನಲ್ಲೇ. ಅವಳಿಗೆ ಆಗುತ್ತಿದ್ದ ದರ್ಶನಗಳು, ಮೈಮರೆವುಗಳು ನಿಜವೋ ಅಲ್ಲವೋ ಎಂಬ ಅನುಮಾನ ಬಂದು ಬಿಷಪ್ ಮರೀ ಎಫ್ರೆಂ 1872ರಲ್ಲಿ ಅವಳನ್ನು ಪೋಗೆ ವಾಪಸ್ ಕಳಿಸಿದರು. ಆಮೇಲೆ ಅವಳು ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ಹೋದಳು, ಕೆಲಸದವರಿಗೆ ನೀರು ಒಯ್ಯುವಾಗ ಬಿದ್ದು ಗಾಯ ಕೊಳೆತು 1878ರಲ್ಲಿ ತೀರಿಕೊಂಡಳು. 2015ರ ಮೇ 17ರಂದು ಫ್ರಾನ್ಸಿಸ್ ಪೋಪ್ ಅವಳನ್ನು ಸಂತಳೆಂದು ಘೋಷಿಸಿದರು. ಮಂಗಳೂರಿನಿಂದ ಹೊರಹಾಕಿಸಿಕೊಂಡವಳು ಸಂತಳಾದಳು, ಹೊರಹಾಕಿದ ಬಿಷಪ್ಪರ ಹೆಸರು ಅವಳ ಜೀವನಚರಿತ್ರೆಯ ಒಂದು ಅಧ್ಯಾಯದಲ್ಲಿ ಉಳಿಯಿತು. ಕಾಲದ ಆಟ ಹಾಗೆ.

ಆ ಬಿಷಪ್ಪರಿಗೂ ಹೆಚ್ಚು ದಿನ ಇರಲಿಲ್ಲ. 1873ರಲ್ಲಿ ತೀರಿಕೊಂಡರು. ಬಯೋನಿನ ಮೂಲಮನೆಯೂ ಬಾಗಿಲು ಹಾಕಿತು. ವೆರೋನಿಕಾ ಬೇಲಿಯೊಳಗಿನ ಕಾರ್ಮೆಲಿಗೆ ಮರಳಿದರು. ಯೋಚಿಸಿ. ಹಣ ಹೊಂದಿಸುತ್ತಿದ್ದ ಬಿಷಪ್ ಇಲ್ಲ, ಹೊಸ ಹುಡುಗಿಯರನ್ನು ತಯಾರು ಮಾಡಿ ಕಳಿಸುತ್ತಿದ್ದ ಮನೆ ಇಲ್ಲ, ಕಟ್ಟಿದವರು ಗೋಡೆಯೊಳಗೆ. ಉಳಿದದ್ದು ಮಂಗಳೂರಿನಲ್ಲಿ ಒಂದು ಶಾಲೆ ಮತ್ತು ಅದನ್ನು ನಡೆಸುವ ಬೆರಳೆಣಿಕೆಯ ಹೆಂಗಸರು. ಮುಚ್ಚಿ ಹೋಗಬೇಕಿದ್ದ ಸಂಘ ಅದು. ಮುಚ್ಚಲಿಲ್ಲ. ಊರಿನ ಹುಡುಗಿಯರೇ ಸೇರತೊಡಗಿದರು, ಕಲಿತವರೇ ಕಲಿಸತೊಡಗಿದರು. ಅಪೋಸ್ತಲಿಕ್ ಕಾರ್ಮೆಲ್ ಫ್ರಾನ್ಸಿನ ಸಂಘವಾಗಿ ಹುಟ್ಟಿ ಮಂಗಳೂರಿನ ಸಂಘವಾಗಿ ಬದುಕಿದ್ದು ಹೀಗೆ.

1878ರ ಕೊನೆಯ ದಿನ ಜೆಸ್ವಿಟ್ ಎಂಬ ಇನ್ನೊಂದು ಕಥೊಲಿಕ್ ಸಂಘದ ಇಟಲಿಯ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು, ಮಿಶನ್ ಅವರ ಕೈಗೆ ಹೋಯಿತು. ಅವರು ಬಂದ ಎರಡೇ ವರ್ಷದಲ್ಲಿ, 1880ರಲ್ಲಿ, ಹುಡುಗರಿಗೆ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾಯಿತು. ಹುಡುಗಿಯರಿಗೆ ಸೇಂಟ್ ಆಗ್ನೆಸ್ ಕಾಲೇಜು ಬಂದದ್ದು 1921ರಲ್ಲಿ, ಮದರ್ ಅಲೋಶಿಯಾ ಅವರ ಹಟದಿಂದ. ನಡುವೆ 41 ವರ್ಷ. ಜೆಸ್ವಿಟರಿಗಿಂತ ಎಂಟು ವರ್ಷ ಮುಂಚೆಯೇ ಬಂದು ಕೂತಿದ್ದ ಹೆಂಗಸರಿಗೆ ಕಾಲೇಜು ಸಿಗಲು ಇಷ್ಟು ಕಾಲ ಬೇಕಾಯಿತು. ಇದನ್ನು ಅಭಿಮಾನದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ನನಗಂತೂ ಹೇಳಬೇಕು ಅನ್ನಿಸುತ್ತದೆ. ಆಮೇಲೆ 1940ರಲ್ಲಿ ಪಟ್ನಾ ವಿಮೆನ್ಸ್ ಕಾಲೇಜು, 1948ರಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಅಂತ ಬೆಳೆಯುತ್ತಾ ಹೋಯಿತು, ಆ ಕತೆ ಎಲ್ಲರಿಗೂ ಗೊತ್ತಿರುವುದೇ.

ಕಾನೂನಿನ ವಿಷಯಕ್ಕೆ ವಾಪಸ್ ಬರಬೇಕು. 1900ರ ಡಿಸೆಂಬರ್ 8ರಂದು ಹದಿಮೂರನೇ ಲಿಯೋ ಪೋಪ್ ಒಂದು ಆದೇಶ ಹೊರಡಿಸಿದರು. ಬೇಲಿಯಿಲ್ಲದೆ, ಸರಳ ವ್ರತ ತೊಟ್ಟು ಕೆಲಸ ಮಾಡುವ ಹೆಂಗಸರ ಸಂಘಗಳನ್ನು ಚರ್ಚಿನ ಕಾನೂನು ಆ ಆದೇಶದಿಂದ ಸರಿಯಾಗಿ ಒಪ್ಪಿಕೊಂಡಿತು. ಅಂದರೆ ಮಂಗಳೂರಿನಲ್ಲಿ 30 ವರ್ಷ ಮಕ್ಕಳಿಗೆ ಕಲಿಸಿ, ಪ್ರಾರ್ಥಿಸಿ, ಕೆಲವರು ಇಲ್ಲೇ ಮಣ್ಣಾದ ಮೇಲೆ ರೋಮ್ ಹೇಳಿತು, ಹೌದು, ನೀವೂ ಪೂರಾ ಸನ್ಯಾಸಿನಿಯರೇ. ವೆರೋನಿಕಾ ಆಗಿನ್ನೂ ಇದ್ದರು. 1906ರ ನವೆಂಬರ್ 16ರಂದು ಪೋ ಮಠದಲ್ಲೇ ತೀರಿಕೊಂಡರು. ತಾವು ಕಟ್ಟಿದ ಸಂಘ ಮಂಗಳೂರಿನಲ್ಲಿ ಹೇಗೆ ಬೆಳೆದಿದೆ ಅಂತ ಒಂದು ಸಲವೂ ಬಂದು ನೋಡಲಿಲ್ಲ.

ಇದನ್ನು ಕೆಲವರು ತ್ಯಾಗ ಅಂತ ಹೊಗಳುತ್ತಾರೆ. ನನಗೆ ಅಷ್ಟು ಸುಲಭವಾಗಿ ಹಾಗೆ ಅನ್ನಿಸುವುದಿಲ್ಲ. ಅವರಿಗೆ ಬೇಕಿದ್ದದ್ದು ಮೊದಲಿನಿಂದಲೂ ಆ ಮೌನವೇ, ಕೊನೆಗೆ ಸಿಕ್ಕಿತು. ಮಂಗಳೂರಿನವರಿಗೆ ಬೇಕಿದ್ದದ್ದು ಶಾಲೆ, ಅದೂ ಸಿಕ್ಕಿತು. ಎರಡನ್ನೂ ಒಬ್ಬರೇ ಬಾಳಿ ತೋರಿಸುವುದು ಎಷ್ಟು ಕಷ್ಟ ಅನ್ನುವುದು ಮಾತ್ರ ಅವರ ಬದುಕಿನಲ್ಲಿ ಕಾಣುತ್ತದೆ. ಅದನ್ನು ದಿನಾ ಮಾಡಬೇಕಾಗಿ ಬಂದದ್ದು ಇಲ್ಲಿದ್ದವರಿಗೆ.

ಅದರ ಭಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಗೆ ಹೋಗಿ ಕಾಲು ಚಾಚುವ ಹೊತ್ತು ನಮಗೆ, ಅವರಿಗೆ ಆಗ ಚಾಪೆಲು. ಬೆಳಿಗ್ಗೆ ನಾವು ಕುಕ್ಕರ್ ಇಡುವ ಮುಂಚೆ ಅವರ ಧ್ಯಾನ, ಬಲಿಪೂಜೆ (ಚರ್ಚಿನ ಮಾಸ್) ಮುಗಿದಿರುತ್ತಿತ್ತು. ಟೀಚರ್ಸ್ ಡೇಗೆ ಮಕ್ಕಳು ಕೊಟ್ಟ ಪೆನ್ನು, ಶಾಲು, ಸ್ಟೀಲ್ ಡಬ್ಬಿ ಯಾವುದೂ ಅವರ ಬಳಿ ನಿಲ್ಲುತ್ತಿರಲಿಲ್ಲ. ಎಲ್ಲ ಒಳಗೆ ಹೋಗಿ ಬೇರೆ ಯಾರದೋ ಕೈಗೆ ಸೇರುತ್ತಿತ್ತು. ನಾನೇ ಕೊಟ್ಟ ಒಂದು ಬೆಚ್ಚನೆ ಸ್ವೆಟರ್ ಹಾಸ್ಟೆಲಿನ ಅಡಿಗೆಯವಳ ಮೈಮೇಲೆ ಕಂಡಾಗ ಒಂದು ಕ್ಷಣ ಚುರುಕ್ ಅಂದದ್ದು ಸುಳ್ಳಲ್ಲ. ವಯಸ್ಸು ಮತ್ತು ಅಗತ್ಯ ನೋಡಿ ಹಂಚಬೇಕು ಅಂತ ಆಲ್ಬರ್ಟರ ಪತ್ರದಲ್ಲಿ ಓದಿದ್ದು ಆಮೇಲೆ. ಅಡಿಗೆಯವಳಿಗೆ ಆಸ್ತಮಾ ಇತ್ತು.

ವಿಧೇಯತೆ ವಿಷಯದಲ್ಲಿ ಮಾತ್ರ ನನ್ನ ತಕರಾರು ಇವತ್ತಿಗೂ ಹಾಗೇ ಇದೆ. ಒಂದು ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೆಲವೇ ತಿಂಗಳು ಇರುವಾಗ ಲೆಕ್ಕದ ಸಿಸ್ಟರಿಗೆ ವರ್ಗದ ಪತ್ರ ಬಂತು. ಅವರು ಒಂದು ಸೂಟ್‌ಕೇಸು, ಒಂದು ಬಟ್ಟೆ ಚೀಲ ಹಿಡಿದು ಹೋಗಿಬಿಟ್ಟರು. ಮಕ್ಕಳು ಅತ್ತರು, ತಂದೆತಾಯಿಗಳು ಬಂದು ಬೈದರು, ಬೈಗುಳ ತಿಂದವರು ನಾವು. “ನೀವಾದರೂ ಪರೀಕ್ಷೆ ಮುಗಿಯುವವರೆಗೆ ಬಿಡಿ ಅಂತ ಕೇಳಬಾರದಿತ್ತಾ ಸಿಸ್ಟರ್?” ಅಂತ ಫೋನಿನಲ್ಲಿ ಕೇಳಿದೆ. “ಕೇಳಿದೆ ಟೀಚರೇ. ಇಲ್ಲ ಅಂದ್ರು. ಮತ್ತೆಂಥ ಮಾಡುದು?” ಅಂದರು. ಕೋಣೆ ಬದಲಿಸಲು ಹಿರಿಯರ ಒಪ್ಪಿಗೆ ಬೇಕು ಅಂತ ನಿಯಮದಲ್ಲಿದೆ ಸರಿ. ಆದರೆ ಅದೇ ಪತ್ರದ ಕಡೆಯ ಸಾಲಿನಲ್ಲಿ ವಿವೇಕ ಇರಲಿ, ಎಲ್ಲ ಗುಣಗಳಿಗೂ ಹದ ಹಾಕುವುದು ಅದೇ ಅಂತಲೂ ಇದೆಯಲ್ಲ. ಆ ಸಾಲನ್ನು ಕೆಳಗಿನವರಿಗೆ ಓದಿಸುವಷ್ಟೇ ಮೇಲಿನವರಿಗೂ ಓದಿಸಬೇಕು.

1965ರಲ್ಲಿ ವ್ಯಾಟಿಕನ್ ಮಹಾಸಭೆ ಎಲ್ಲ ಸಂಘಗಳಿಗೂ ಒಂದು ಕೆಲಸ ಕೊಟ್ಟಿತು. ನಿಮ್ಮನ್ನು ಕಟ್ಟಿದವರ ಮೂಲ ಉದ್ದೇಶ ಏನಿತ್ತು ನೋಡಿ, ಈ ಕಾಲಕ್ಕೆ ಏನು ಹೊಂದುತ್ತದೆ ನೋಡಿ, ನಿಮ್ಮ ಸಂವಿಧಾನವನ್ನು ಮತ್ತೆ ಬರೆಯಿರಿ ಅಂತ. ಹಲವು ಸಂಘಗಳಲ್ಲಿ ಉದ್ದ ನಿಲುವಂಗಿ ಹೋಗಿ ಸೀರೆ ಬಂತು, ಪ್ರಾರ್ಥನೆ ಲ್ಯಾಟಿನ್ ಬಿಟ್ಟು ಊರಿನ ಭಾಷೆಗೆ ಬಂತು. ನಾನು ಕೆಲಸಕ್ಕೆ ಸೇರುವಾಗ ಹಳೆಯ ಸಿಸ್ಟರುಗಳು ಕೆಲವರು ಹೊಸಬರ ಸೀರೆ ನೋಡಿ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಸೀರೆ ಉಟ್ಟು ಓಡಾಡುವುದು ಕಷ್ಟ ಅಂತ ಅವರ ದೂರು. ಬೆಳಿಗ್ಗೆಯಿಂದ ಸಂಜೆವರೆಗೆ ಸೀರೆಯಲ್ಲೇ ಓಡಾಡುವ ನಾವು ಕೇಳಿಸಿಕೊಂಡು ಸುಮ್ನೆ ಇರುತ್ತಿದ್ದೆವು.

ಈಚೆಗೆ, 2014ರಲ್ಲಿ, ವೆರೋನಿಕಾ ಅವರನ್ನು ಚರ್ಚು ಪೂಜ್ಯರೆಂದು ಘೋಷಿಸಿತು. ಸಂತಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು. ಅವರ ಚಿತ್ರ ಶಾಲೆಗಳ ಆಫೀಸುಗಳಲ್ಲಿ ಇದೆ, ಕೆಲವು ಕಡೆ ಪಕ್ಕದಲ್ಲೇ ಬಿಷಪ್ ಮರೀ ಎಫ್ರೆಂ ಅವರದ್ದೂ ಇರುತ್ತದೆ. ಒಬ್ಬರು ಯೋಜನೆ ಹಾಕಿದರು, ಒಬ್ಬರು ಶುರು ಮಾಡಿದರು, ಇಬ್ಬರಿಗೂ ಗೌರವ ಸಲ್ಲಬೇಕಾದ್ದೇ. ಆದರೆ 1873ರ ನಂತರ ಬಿಷಪ್ ಇಲ್ಲದೆ, ಮೂಲಮನೆ ಇಲ್ಲದೆ, ನಾಳೆ ಯಾರು ದುಡ್ಡು ಕೊಡುತ್ತಾರೆ ಅಂತ ಗೊತ್ತಿಲ್ಲದೆ ಮಂಗಳೂರಿನಲ್ಲಿ ಬೆಳಿಗ್ಗೆ ಎದ್ದು ಶಾಲೆಯ ಬಾಗಿಲು ತೆಗೆದವರು ಯಾರು? ಮರೀ ದೆಜಾಂಜ್ ಮತ್ತು ಅವರ ಜೊತೆಗಿದ್ದವರು. ಸಂಘವನ್ನು ಕಟ್ಟಿದವರ ಸಾಲಿನಲ್ಲಿ ಅವರ ಹೆಸರೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಮುಂದಿನ ಸಲ ಯಾವುದಾದರೂ ಶಾಲೆಯಲ್ಲಿ ಫೋಟೋ ತೂಗು ಹಾಕುವವರಿದ್ದರೆ ಮೂರನೇ ಮೊಳೆ ಹೊಡೆಯಿರಿ ಅಂತ ನಾನು ಹೇಳಿಯೇ ಹೇಳುತ್ತೇನೆ.